ಗಡವನ್ನೇರದವರ ಗಡಿಮಾತು

ಕಾರವಾರವು ಯಾರದೆಂಬ ಪ್ರಶ್ನೆಯು ಎದ್ದಾಗಲೆಲ್ಲ ನಮ್ಮ ಊರೂರುಗಳಲ್ಲಿ ಸಭೆಗಳು ಕೂಡುವವು, ಭಾಷಣಗಳಾಗುವವು, ಠರಾವುಗಳು ಪಾಸಾಗುವವು. ೧೯೫೬ನೆಯ ಇಸವಿಯ ನವೆಂಬರ ೧ನೆಯ ತಾರೀಖಿಗೆ ಬೆಳಗಾವಿ, ವಿಜಾಪುರ, ಧಾರವಾಡ ಜಿಲ್ಲೆಗಳೊಡನೆ ಉತ್ತರ ಕನ್ನಡವೂ ಮುಂಬಯಿ ರಾಜ್ಯವನ್ನು ಬಿಟ್ಟು ತಾಯಿನಾಡನ್ನು ಕೂಡಿತು. ಅಲ್ಲಿಗೆ ಮಾತು ಮುಗಿಯಿತೆಂದು ನಾವು ತಿಳಿದಿದ್ದೆವು. ಆದರೆ ೨೦೦೪ರಲ್ಲಿ ಮಹಾರಾಷ್ಟ್ರ ಸರಕಾರವು ಸುಪ್ರೀಮ ಕೋರ್ಟಿನಲ್ಲಿ ಹೂಡಿದ ದಾವೆಯಲ್ಲಿ ಕಾರವಾರದ ಹೆಸರೂ ಕಾಣಿಸಿಕೊಂಡಿತು; ನಮ್ಮವರ ರಕ್ತವು ಮತ್ತೊಮ್ಮೆ ಕುದಿಯಿತು. ಕುದಿಯಬೇಕಾದದ್ದೇ. ಆದರೆ ನಾವು ಒಂದು ಮಾತನ್ನು ಕೇಳುವೆವು. ಹೀಗೆ ಕುದಿದವರಲ್ಲಿ ಕಾಳೀನದಿಯ ಮುಖದ ಮೇಲೆ ಕಾವಲು ನಿಂತ ಸದಾಶಿವಗಡವನ್ನು ತಮ್ಮ ಕಾಲಿನಿಂದ ಹತ್ತಿ ನೋಡಿದವರು ಎಷ್ಟು ಮಂದಿ? ಅದನ್ನು ಕಟ್ಟಿಸಿದವನು ಯಾರೆಂದು ಕೇಳಿದರೆ ತಡವರಿಸದೆ ಉತ್ತರ ಕೊಡಬಲ್ಲವರು ಎಷ್ಟು ಮಂದಿ?

ನೆಲವನ್ನು ನಮ್ಮದೆನ್ನುವ ಹಕ್ಕು ಬರಿಯ ಕಾಗದದಿಂದ ಬರುವದಿಲ್ಲ. ನೆಲದ ಪರಿಚಯದಿಂದ ಬರುವದು. ಹೊಲದ ಖಾತೆಯು ತನ್ನ ಹೆಸರಿನಲ್ಲಿದ್ದರೂ ಬದುವಿನ ಗುರುತು ತಿಳಿಯದ ಒಡೆಯನನ್ನು ನಮ್ಮ ಒಕ್ಕಲಿಗರು ಏನೆನ್ನುವರೆಂಬುದು ವಾಚಕರಿಗೆ ಗೊತ್ತೇ ಇದೆ. ಕರಾವಳಿಯ ವಿಷಯದಲ್ಲಿ ನಾವು ಕನ್ನಡಿಗರು ಇಂಥ ಒಡೆಯರಾಗಿದ್ದೇವೆಂಬುದೇ ನಮ್ಮ ದೂರು.

ಸದಾಶಿವಗಡವೇನೂ ದುರ್ಗಮವಾದ ಶಿಖರವಲ್ಲ. ಕಾರವಾರ ಪಟ್ಟಣದ ಉತ್ತರಕ್ಕೆ, ಕಾಳೀನದಿಯು ಅರಬೀ ಸಮುದ್ರವನ್ನು ಕೂಡುವಲ್ಲಿ, ನದಿಯ ಬಡಗಣ ದಂಡೆಯ ಮೇಲೆ ಅದು ನಿಂತಿದೆ. ಎತ್ತರವು ಸುಮಾರು ೨೨೦ ಅಡಿ, ಅಷ್ಟೆ. ಹೊಳೆಯ ಕಡೆಗೆ ಮಾತ್ರ ಗೋಡೆ ನಿಲ್ಲಿಸಿದಂತೆ ಕಡಿದಾಗಿದೆ. ಪಟ್ಟಣದಿಂದ ಬಂದವರು ಸೇತುವೆಯನ್ನು ದಾಟಿ, ಅದರ ಬಡಗಣ ತುದಿಯಿಂದ ಕಾಲುನಡಿಗೆಯಲ್ಲಿ ಹೊರಟರೆ, ಶಾಲೆಯಲ್ಲಿ ಒಂದು ಪಾಠ ಮುಗಿಯುವ ಹೊತ್ತಿನೊಳಗಾಗಿ ಮೇಲಿರಬಹುದು. ಮುದುಕರಿಗೂ ಮಕ್ಕಳಿಗೂ ಆಗದ ದಾರಿಯಲ್ಲ. ಮಳೆಗಾಲದಲ್ಲಿ ಕಲ್ಲುಗಳು ಪಾಚಿಗಟ್ಟಿ ಜಾರುವವಾದ್ದರಿಂದ ನವರಾತ್ರಿ ಕಳೆದ ಮೇಲೆ, ಬಿಸಿಲು ಏರುವ ಮುಂಚೆ ಹತ್ತುವದು ಒಳ್ಳೆಯದು. ಗಡದ ಮೇಲೆ ದುರ್ಗಾದೇವಿಯ ಗುಡಿಯುಂಟು. ಈ ನೆಲೆಯಲ್ಲಿಯೇ ಮುಸಲ್ಮಾನ ಸಂತನೊಬ್ಬನ ದರ್ಗಾವೂ ಉಂಟು. ಎರಡಕ್ಕೂ ಜನರು ನಡೆದುಕೊಳ್ಳುವರು. ಪಾಳುಬಿದ್ದ ಕೋಟೆಯ ಗೋಡೆಗಳು ಗಿಡಗಂಟಿಗಳ ನಡುವೆ ಅಲ್ಲಲ್ಲಿ ಉಳಿದಿವೆ.

ತುದಿಯಲ್ಲಿ ನಿಂತು ನೋಡಿದರೆ ಕಾಣುವದೇನು? ತೆಂಕಣಕ್ಕೆ ಅಗಲವಾಗಿ ಹರಿದು ಬರುವ ಕಾಳಿ, ಅದರಾಚೆ ಕಾರವಾರದ ಮಳಲದಂಡೆ, ಅದರ ಕೊನೆಗೆ ಬಂದರಕ್ಕೆ ಗಾಳಿಯ ಮರೆಯಾಗಿ ಚಾಚಿಕೊಂಡ ಇನ್ನೊಂದು ಭೂಶಿರ. ಪಡುವಣಕ್ಕೆ ದೇವಬಾಗದ ಗಾಳಿಮರಗಳ ಸಾಲು. ಸಮುದ್ರದಲ್ಲಿ ಆಮೆಯಂತೆ ಬೆನ್ನು ಮಾಡಿಕೊಂಡ ಕುರುಮಗಡ, ನರಸಿಂಹದೇವರ ಗುಡಿಯ ನಡುಗಡ್ಡೆ. ದೀಪಸ್ತಂಭವನ್ನು ಹೊತ್ತ ದೇವಗಡ. ಬಡಗಣಕ್ಕೆ ಮಾಜಾಳಿ, ಅದರಾಚೆಗೆ ಗೋವೆಯ ಸೀಮೆ. ಮೂಡಣಕ್ಕೆ ಸಹ್ಯಾದ್ರಿಯ ನೀಲಿಯ ಗೋಡೆ. ಆ ಗೋಡೆಯನ್ನು ಸೀಳಿಕೊಂಡು, ಸೂಪಾ ಸೀಮೆಯ ಕಾಡಿನಲ್ಲಿ ಹುಟ್ಟಿದ ಹೊಳೆಯು ೧೮೪ ಕಿಲೋಮೀಟರು ಹರಿದು ಇಲ್ಲಿ ನಮ್ಮ ಕಾಲಬುಡಕ್ಕೆ ಬಂದು ಸೇರುವದು. ಇದನ್ನೆಲ್ಲ ಕಂಡು ಪ್ರವಾಸಿಕರು "ಎಂಥ ರಮ್ಯ ನೋಟ!" ಎಂದು ಚಿತ್ರ ತೆಗೆದುಕೊಂಡು ಇಳಿದು ಹೋಗುವರು. ನೋಟವು ರಮ್ಯವೇ ಸರಿ. ಆದರೆ ಸೋದೆಯ ಅರಸನು ಇಲ್ಲಿ ಕೋಟೆ ಕಟ್ಟಿಸಿದ್ದು ಸೂರ್ಯಾಸ್ತವನ್ನು ನೋಡುವದಕ್ಕಲ್ಲ!

ಈ ತುದಿಯಲ್ಲಿ ನಿಂತವನ ಕಣ್ಣು ತಪ್ಪಿಸಿ ಒಂದು ಹಡಗವೂ ಹೊಳೆಯನ್ನು ಹೊಗಲಾರದು, ಒಂದು ದೋಣಿಯೂ ಹೊಳೆಯಿಂದ ಹೊರಬೀಳಲಾರದು. ಗಡದ ಅರ್ಥವೆಲ್ಲ ಇಷ್ಟರಲ್ಲಿಯೇ ಅಡಗಿದೆ. ಈ ನೆಲಕ್ಕೆ ಗಡಕ್ಕಿಂತ ಹಳೆಯದಾದ ಹೆಸರು ಚಿತ್ತಾಕುಲ. ಆ ಹೆಸರು ಇಂದಿಗೂ ಬಳಕೆಯಲ್ಲಿದೆ. ಪೋರ್ತುಗೀಜರ ಬರಹಗಳಲ್ಲಿ ಅದು ಚಿಂತಾಕೋರವೆಂದು ಬಂದಿದೆ. ದಕ್ಷಿಣದ ಭೂಶಿರದಾಚೆ ಇರುವ ಅಂಜದೀವ ನಡುಗಡ್ಡೆಯಲ್ಲಿ ಅವರು ೧೫೦೫ರಷ್ಟು ಹಿಂದೆಯೇ ಕೋಟೆಯನ್ನು ಕಟ್ಟಿದ್ದರು. ೧೬೩೮ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ವಖಾರಿಯನ್ನು ತೆರೆದರು. ಏಕೆ ತೆರೆದರು? ಘಟ್ಟದ ಮೆಣಸು, ಏಲಕ್ಕಿಗಳ ಆಸೆಗೆ. ಹುಬ್ಬಳ್ಳಿಯ ಕಡೆಯ ಮಗ್ಗಗಳಲ್ಲಿ ನೇಯ್ದ ನಯವಾದ ಮಲಮಲಿನ ಆಸೆಗೆ. ಬಯಲುಸೀಮೆಯ ನೇಕಾರನ ಲಾಳಿಗೂ ಈ ಭೂಶಿರದ ಕೆಳಗೆ ಲಂಗರು ಹಾಕಿದ ಹಡಗಕ್ಕೂ ಒಂದೇ ನೂಲಿನ ಸಂಬಂಧವಿದ್ದಿತು. "ಕರಾವಳಿಯ ಕಥೆಯೇ ಬೇರೆ, ನಮ್ಮ ಕಥೆಯೇ ಬೇರೆ" ಎನ್ನುವ ಧಾರವಾಡದ ವಿದ್ಯಾವಂತರು ಈ ಮಾತನ್ನು ನೆನಪಿನಲ್ಲಿಡತಕ್ಕದ್ದು.

ಇನ್ನು ಗಡದ ಹುಟ್ಟಿನ ವಿಚಾರ. ಶಿರಸಿಯ ಸಮೀಪದ ಸೋದೆಯು ಇಂದು ಮಠಗಳ ಊರೆಂದು ಪ್ರಸಿದ್ಧವಾಗಿದೆ. ಒಂದು ಕಾಲಕ್ಕೆ ಅದು ರಾಜಧಾನಿಯಾಗಿತ್ತು. ಘಟ್ಟದ ಮೇಲಿನ ಆ ಅರಸರ ಕೈ ಸಮುದ್ರದವರೆಗೆ ಚಾಚಿದ್ದಿತು. ಇಂದು ಗೋವೆಯಲ್ಲಿರುವ ಕಾಬೋ ದ ರಾಮದ ಭೂಶಿರದ ಕೋಟೆಯೂ ಅವರದೇ ಆಗಿತ್ತು. ೧೬೯೭ರಲ್ಲಿ ಪಟ್ಟಕ್ಕೆ ಬಂದ ಬಸವಲಿಂಗರಾಜನು ೧೭೧೫ರ ಸುಮಾರಿಗೆ ಕಾರವಾರದ ಹಳೆಯ ಕೋಟೆಯನ್ನು ಕೆಡವಿಸಿ, ಹೊಳೆಯ ಈ ದಂಡೆಯ ಗುಡ್ಡದ ಮೇಲೆ ಹೊಸ ದುರ್ಗವನ್ನು ಕಟ್ಟಿಸಿ, ಅದಕ್ಕೆ ತನ್ನ ತಂದೆಯಾದ ಸದಾಶಿವಲಿಂಗರಾಜನ ಹೆಸರನ್ನಿಟ್ಟನು. ಸದಾಶಿವಗಡವೆಂಬುದು ಹೀಗೆ ಮಗನು ತಂದೆಗೆ ಕಲ್ಲಿನಲ್ಲಿ ಸಲ್ಲಿಸಿದ ಋಣ. ಅದರ ಫಲವು ತಡವಾಗಲಿಲ್ಲ. ಹೊಸ ಗಡದ ನೆರಳು ತಮ್ಮ ವಖಾರಿಯ ಮೇಲೆ ಬಿದ್ದದ್ದನ್ನು ಇಂಗ್ಲಿಷ ವರ್ತಕರು ಕಂಡುಕೊಂಡರು. ೧೭೨೦ರಲ್ಲಿ ಕಾರವಾರದಿಂದ ಕಾಲ್ತೆಗೆದರು. ಘಟ್ಟದ ಮೇಲಿನ ಸಣ್ಣ ಅರಸನೊಬ್ಬನು, ದೊಡ್ಡ ನೌಕಾಬಲವಿಲ್ಲದೆಯೇ, ಸರಿಯಾದ ಗುಡ್ಡವನ್ನು ಆರಿಸಿಕೊಂಡದ್ದರಿಂದ ಕಡಲಾಚೆಯ ವರ್ತಕರನ್ನು ಕದಲಿಸಿದನು. ನಮ್ಮ ಎಷ್ಟು ಶಾಲೆಗಳಲ್ಲಿ ಈ ಪಾಠವನ್ನು ಹೇಳುತ್ತಾರೆ?

ಮುಂದಿನ ಕಥೆಯು ಏರಿಳಿತದ್ದು. ಇಂಗ್ಲಿಷರು ೧೭೫೦ರಲ್ಲಿ ತಿರುಗಿ ಬಂದರು. ಎರಡೇ ವರ್ಷಗಳಲ್ಲಿ, ಅಂದರೆ ೧೭೫೨ರಲ್ಲಿ, ಪೋರ್ತುಗೀಜರು ಗಡವನ್ನು ಹಿಡಿದು ವ್ಯಾಪಾರವೆಲ್ಲ ತಮ್ಮದೇ ಎಂದಾಗ ಮತ್ತೆ ಹೊರಟುಹೋದರು. ೧೭೬೩ರಲ್ಲಿ ಹೈದರನ ಸೈನ್ಯವು ಬಂದಿತು. ಸೋದೆಯ ಅರಸನು ಗೋವೆಯ ಆಶ್ರಯಕ್ಕೆ ಹೋದನು; ಅವನ ರಾಜ್ಯದ ಘಟ್ಟದ ಕೆಳಗಿನ ಬಡಗಣ ಭಾಗಗಳು ಪೋರ್ತುಗೀಜರ ಪಾಲಾದವು. ೧೭೮೩ರಲ್ಲಿ ಇಂಗ್ಲಿಷರ ದಂಡು ಇಲ್ಲಿ ನೆಲೆನಿಂತಿತು. ಬಳಿಕ ಟೀಪುವಿನ ಕೈಗೆ ಹೋಯಿತು. ೧೭೯೯ರಲ್ಲಿ ಟೀಪುವು ಮಡಿದ ಮೇಲೆ ಕನ್ನಡ ಜಿಲ್ಲೆಯೆಲ್ಲ ಕಂಪನಿ ಸರಕಾರಕ್ಕೆ ಸೇರಿತು. ಸುಮಾರು ಎಂಬತ್ತೈದು ವರ್ಷಗಳೊಳಗೆ ನಾಲ್ಕು ಸತ್ತೆಗಳು ಈ ಸಣ್ಣ ಗುಡ್ಡಕ್ಕಾಗಿ ಬಡಿದಾಡಿದವು. ಬೆಲೆಯಿಲ್ಲದ ವಸ್ತುವಿಗಾಗಿ ಇಷ್ಟು ಜನರು ಬಡಿದಾಡುವರೇ?

ಈಗ ವಾಚಕರು ಒಂದು ವಿಚಿತ್ರವನ್ನು ಗಮನಿಸಬೇಕು. ೧೮೮೩ರ ಸುಮಾರಿಗೆ ವಂಗದೇಶದ ೨೨ ವರ್ಷದ ತರುಣನೊಬ್ಬನು ಕಾರವಾರದಲ್ಲಿ ಬಂದು ಇದ್ದನು. ಅಣ್ಣನಾದ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದರು. ಆ ತರುಣನೇ ಮುಂದೆ ಲೋಕಪ್ರಸಿದ್ಧನಾದ ರವೀಂದ್ರನಾಥ ಠಾಕೂರ. 'ಪ್ರಕೃತಿರ್ ಪ್ರತಿಶೋಧ' ಎಂಬ ತಮ್ಮ ನಾಟಕವನ್ನು ಅವರು ಬರೆದದ್ದು ಈ ಕಡಲದಂಡೆಯಲ್ಲಿ. ಇಂದು ಆ ದಂಡೆಗೆ ಅವರದೇ ಹೆಸರಿದೆ. ತಮ್ಮ ಜೀವನಸ್ಮೃತಿಯಲ್ಲಿ ಅವರು ಬೆಳುದಿಂಗಳ ರಾತ್ರಿ ಕಾಳೀನದಿಯಲ್ಲಿ ದೋಣಿಯಲ್ಲಿ ವಿಹರಿಸಿದ್ದನ್ನು ಬರೆಯುತ್ತ, ದಂಡೆಯ ಹಳೆಯ ಗಿರಿದುರ್ಗವೊಂದನ್ನು ಶಿವಾಜಿಯದೆಂದು ಹೇಳಿದ್ದಾರೆ. ಹೊರನಾಡಿನಿಂದ ಬಂದ ಕವಿಯು ತನ್ನ ಕಿವಿಗೆ ಬಿದ್ದದ್ದನ್ನು ಬರೆದನು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಕಾಳಿಯ ದಂಡೆಯ ಕೋಟೆಯೆಂದೊಡನೆ ಇಂದಿಗೂ ಶಿವಾಜಿಯ ಹೆಸರನ್ನು ಹೇಳಿ ಸುಮ್ಮನಾಗುವ ನಮ್ಮವರಿಗೆ ಏನೆನ್ನಬೇಕು? ಶಿವಾಜಿ ಮಹಾರಾಜನು ಸ್ವರ್ಗಸ್ಥನಾದದ್ದು ೧೬೮೦ರಲ್ಲಿ. ಈ ಗಡವು ಎದ್ದದ್ದು ಅದಕ್ಕೆ ಮೂವತ್ತೈದು ವರ್ಷಗಳ ತರುವಾಯ.

ನಾವು ಶಿವಾಜಿಯ ಹೆಸರನ್ನು ಅಳಿಸಹೊರಟಿದ್ದೇವೆಂದು ಯಾರಾದರೂ ಆಕ್ಷೇಪಿಸಿಯಾರು. ಹಾಗಲ್ಲ. ೧೬೬೫ರಲ್ಲಿ ಆತನು ಕಾರವಾರಕ್ಕೆ ಬಂದು ಕಾಣಿಕೆಯನ್ನು ಎತ್ತಿದ್ದು ನಿಜ; ಅದರಲ್ಲಿ ಇಂಗ್ಲಿಷ ವಖಾರಿಯ ಪಾಲು ೧೧೨ ಪೌಂಡು. ಆ ಸಂಗತಿಯನ್ನು ಅದರ ಜಾಗದಲ್ಲಿ ಹೇಳೋಣ, ಅಭಿಮಾನದಿಂದಲೇ ಹೇಳೋಣ. ಆದರೆ ಒಬ್ಬ ವೀರನಿಗೆ ಗೌರವ ಕೊಡುವ ಸಲುವಾಗಿ ಇನ್ನೊಬ್ಬನ ಕಟ್ಟಡವನ್ನು ಕಾಣಿಕೆ ಕೊಡುವದು ಯಾವ ಇತಿಹಾಸನ್ಯಾಯ? ಕಳ್ಳನು ಕದ್ದೊಯ್ದರೆ ದುಃಖಪಡಬಹುದು. ಮನೆಯವರೇ ತಲೆಬಾಗಿಲನ್ನು ಮರೆತು ಕುಳಿತರೆ ನಗಬೇಕೋ ಅಳಬೇಕೋ ತಿಳಿಯದು.

ಮರೆವಿನ ಬೆಲೆಯು ಹೆಸರಿನಷ್ಟಕ್ಕೇ ನಿಲ್ಲಲಿಲ್ಲವೆಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಸಂಗತಿಯೇ ಸಾಕ್ಷಿ. ಕನ್ನಡ ಜಿಲ್ಲೆಯು ಮೊದಲು ಮದ್ರಾಸದ ಆಳಿಕೆಯಲ್ಲಿದ್ದಿತು. ಅಮೇರಿಕೆಯಲ್ಲಿ ಅಂತರ್ಯುದ್ಧವಾಗಿ ಅಲ್ಲಿಯ ಅರಳೆಯು ನಿಂತಾಗ ಮ್ಯಾಂಚೆಸ್ಟರದ ಗಿರಣಿಯವರ ದೃಷ್ಟಿಯು ಧಾರವಾಡ ಸೀಮೆಯ ಅರಳೆಯ ಮೇಲೆ ಬಿದ್ದಿತು. ಅದನ್ನು ಸಾಗಿಸಲು 'ಸದಾಶಿವಗಡದ ಬಂದರ' ಬೇಕಾಯಿತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದ್ರಾಸದಿಂದ ತೆಗೆದು ಮುಂಬಯಿಗೆ ಸೇರಿಸಿದ್ದಕ್ಕೆ ಈ ಬಂದರದ ವಿಚಾರವೂ ಒಂದು ಮುಖ್ಯ ಕಾರಣ. ಕನ್ನಡಿಗರ ನೆಲ, ಕನ್ನಡಿಗರ ಅರಳೆ, ಕನ್ನಡಿಗರ ಹೊಳೆ. ಗೆರೆ ಎಳೆದವರು ಮಾತ್ರ ಬೇರೆಯವರು! ಜಿಲ್ಲೆಯು ಎರಡಾಯಿತು, ಬಂದರಕ್ಕೆ ಬರಬೇಕಾದ ರೈಲು ಬರಲಿಲ್ಲ. ೧೮೮೦ರ ದಶಕದಲ್ಲಿ ಹಳಿಗಳು ಗೋವೆಯ ಮಾರ್ಮಗೋವೆಗೆ ಹೋದವು. ನಮ್ಮ ಬಯಲುಸೀಮೆಯ ಸರಕು ಪೋರ್ತುಗೀಜರ ಬಂದರವನ್ನು ಬೆಳೆಸಿತು. ಕಾರವಾರವು ರೈಲಿನ ಶಬ್ದವನ್ನು ಕೇಳಿದ್ದು ಕೊಂಕಣ ರೈಲುಮಾರ್ಗ ಬಂದಾಗ, ೧೯೯೦ರ ದಶಕದಲ್ಲಿ. ನಾಡು ಹರಿದು ಹಂಚಿಹೋಗಿದ್ದಾಗ ಅದರ ಬಾಗಿಲಿನ ಕೀಲಿಕೈ ಪರರ ಸೊಂಟದಲ್ಲಿತ್ತೆಂಬುದನ್ನು ತಿಳಿಯಬೇಕಾದರೆ ಗ್ರಂಥಗಳನ್ನೇ ಓದಬೇಕೆಂದಿಲ್ಲ. ಈ ಗಡದ ಮೇಲೆ ನಿಂತು ಬಂದರವನ್ನೂ ಘಟ್ಟವನ್ನೂ ಒಂದೇ ನೋಟದಲ್ಲಿ ನೋಡಿದರೆ ಸಾಕು.

ಆದರೆ ಅಂದು ಪರರು ನಡುವೆ ಗೆರೆ ಎಳೆದರೆಂದು ದೂರುವ ನಾವು, ನಾಡು ಒಂದಾದ ಮೇಲೆ ಈ ಗುಡ್ಡಕ್ಕೆ ಮಾಡಿದ್ದೇನು? ಅದರ ಮೈಯನ್ನೇ ಸೀಳಿದೆವು! ಇಂದು ೬೬ನೆಯ ರಾಷ್ಟ್ರೀಯ ಹೆದ್ದಾರಿಯು ಸದಾಶಿವಗಡದ ಗುಡ್ಡವನ್ನು ಎರಡು ಹೋಳು ಮಾಡಿ ಹಾಯ್ದುಹೋಗಿದೆ. ಪೋರ್ತುಗೀಜರ ತೋಪುಗಳಿಂದಾಗದ ಕೆಲಸವು ನಮ್ಮ ಯಂತ್ರಗಳಿಂದಾಯಿತು.

ಹೆದ್ದಾರಿಯು ಬೇಡವೆ? ಎತ್ತಿನ ಬಂಡಿಯ ಕಾಲಕ್ಕೆ ಮರಳಬೇಕೆ? ಎಂದು ವ್ಯವಹಾರಜ್ಞರು ಕೇಳುವರು. ಬೇಕು, ಅವಶ್ಯವಾಗಿ ಬೇಕು. ಹೊಳೆಯ ಎರಡು ದಂಡೆಯ ಜನರು ದೋಣಿಗಾಗಿ ಕಾಯುತ್ತಿದ್ದ ದಿನಗಳನ್ನು ಮರಳಿ ತರಲು ಯಾರೂ ಬಯಸರು. ಆದರೆ ದಾರಿಯನ್ನು ಮಾಡುವ ರೀತಿಯೊಂದುಂಟು. ೨೦೨೪ರ ಜುಲೈ ೧೬ನೆಯ ತಾರೀಖಿಗೆ ಇದೇ ಹೆದ್ದಾರಿಯಲ್ಲಿ, ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದು ಬಿದ್ದಿತು. ದಾರಿಯ ಬದಿಯ ಚಹದ ಅಂಗಡಿಯೂ ಅಲ್ಲಿ ನಿಂತ ವಾಹನಗಳೂ ಜನರೊಡನೆ ಮಣ್ಣುಪಾಲಾದವು. ಗಂಗಾವಳಿಯ ತಳದಲ್ಲಿ ಹೂತುಹೋದ ಲಾರಿಯೊಂದನ್ನು ಮೇಲೆತ್ತುವಷ್ಟರಲ್ಲಿ ಸೆಪ್ಟೆಂಬರ ತಿಂಗಳೇ ಬಂದಿತು. ಅದಾದ ಮೂರು ವಾರಗಳಿಗೆ, ಆಗಸ್ಟ ೭ರ ನಡುರಾತ್ರಿಯ ಬಳಿಕ, ಸದಾಶಿವಗಡದ ಬುಡದಲ್ಲಿಯೇ ಕಾಳಿಯ ಹಳೆಯ ಸೇತುವೆಯು ಮುರಿದು ಹೊಳೆಗೆ ಬಿದ್ದಿತು. ಅದರೊಡನೆ ಬಿದ್ದ ಲಾರಿಯ ಚಾಲಕನು ಬದುಕಿ ಉಳಿದದ್ದು ದೈವಕೃಪೆ. ಆ ಸೇತುವೆಗೆ ವಯಸ್ಸು ನಾಲ್ಕು ದಶಕಗಳಷ್ಟು. ಮುನ್ನೂರು ವರ್ಷಗಳ ಕೆಳಗೆ ಬಸವಲಿಂಗರಾಜನ ಕಲ್ಲುಕುಟಿಗರು ಕಟ್ಟಿದ ಗೋಡೆಗಳು ಪಾಳುಬಿದ್ದರೂ ಗುಡ್ಡವನ್ನು ಅಪ್ಪಿಕೊಂಡು ನಿಂತಿವೆ.

ಗುಡ್ಡದ ಸ್ವಭಾವವನ್ನೂ ಮಳೆಯ ಭಾರವನ್ನೂ ಹೊಳೆಯ ವೇಗವನ್ನೂ ತಿಳಿಯದೆ ನಕಾಶೆಯ ಮೇಲೆ ಗೆರೆ ಎಳೆದರೆ ಏನಾಗುವದೆಂಬುದನ್ನು ಆ ಮಳೆಗಾಲವು ನಮಗೆ ಕಣ್ಣೀರಿನ ಅಕ್ಷರಗಳಲ್ಲಿ ತೋರಿಸಿದೆ. ನೆಲವನ್ನು ತುಳಿದು ನೋಡಿರೆಂದು ನಾವು ಹೇಳುವದು ಬರಿಯ ಕೋಟೆಯ ಮೋಹದಿಂದಲ್ಲ; ನೆಲವನ್ನರಿಯದ ಆಳಿಕೆಯು ಜೀವಕ್ಕೇ ಎರವಾಗುವದೆಂಬ ಕಾರಣದಿಂದ. ೨೦೨೦ರ ಜನವರಿಯಲ್ಲಿ ಬಂದರದ ವಿಸ್ತಾರದ ಕೆಲಸವು ಕಡಲದಂಡೆಯನ್ನು ನುಂಗುವದೆಂದು ಕಾರವಾರದ ಮೀನುಗಾರರು ಬೀದಿಗಿಳಿದಾಗ, ಬಯಲುಸೀಮೆಯ ನಮ್ಮ ಊರುಗಳಲ್ಲಿ ಎಷ್ಟು ಸಭೆಗಳು ಕೂಡಿದವು? ಗಡಿಯ ಮಾತಿಗೆ ಏಳುವ ಕೈಗಳು ಗಡಿಯೊಳಗಿನ ಜನರ ದುಃಖಕ್ಕೆ ಏಕೆ ಏಳವು?

ಇನ್ನೊಂದು ಮಾತು, ಇದು ನಮ್ಮವರಿಗೆ ಕಹಿಯಾದರೂ ಹೇಳಬೇಕಾದದ್ದು. ಗಡದ ಸುತ್ತಲಿನ ಊರುಗಳ ಬಹಳ ಜನರ ಮನೆಮಾತು ಕೊಂಕಣಿ. ಅವರು ಕನ್ನಡ ನಾಡಿನ ಅತಿಥಿಗಳಲ್ಲ, ಮಕ್ಕಳು. ಸೋದೆಯ ಅರಸನ ಗಡದಡಿಯಲ್ಲಿ ಬಲೆ ಬೀಸಿದವರೂ, ದೋಣಿ ನಡೆಸಿದವರೂ, ಮೆಣಸನ್ನು ಹೊತ್ತವರೂ ಅವರ ಪೂರ್ವಿಕರೇ. ಗಡದ ಕಥೆಯನ್ನು ಕನ್ನಡದಲ್ಲಿ ಹೇಳುವದರೊಡನೆ ಕೊಂಕಣಿಯಲ್ಲಿಯೂ ಹೇಳಿದರೆ ಕನ್ನಡದ ಗೌರವವು ಹೆಚ್ಚುವದೇ ಹೊರತು ಕುಂದದು. ಮನೆಯವರನ್ನು ಹೊರಗಿನವರೆಂದು ಕರೆದು ಹೊರಗಿನವರಿಗೆ ಮನೆಯ ಮೇಲೆ ಹಕ್ಕು ತೋರಿಸಲು ಆಸ್ಪದ ಕೊಡುವ ಅಭಿಮಾನವು ಅಭಿಮಾನವಲ್ಲ, ಅವಿವೇಕ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಗುಡ್ಡದ ಉಳಿದ ಭಾಗಕ್ಕೆ ಇನ್ನು ಯಾವ ನೆವದಿಂದಲೂ ಗುದ್ದಲಿ ಬೀಳಕೂಡದು. ಮೇಲಕ್ಕೆ ಹೋಗುವ ದಾರಿಯು ಬಡವ ಬಲ್ಲಿದರೆನ್ನದೆ ಎಲ್ಲರಿಗೂ ತೆರೆದಿರಬೇಕು; ಗುಡಿಗೆ ಹೋಗುವವನೂ ದರ್ಗಾಕ್ಕೆ ಹೋಗುವವನೂ ಕೋಟೆಯನ್ನು ನೋಡಹೋಗುವವನೂ ಒಂದೇ ದಾರಿಯಲ್ಲಿ ನಿರಾತಂಕವಾಗಿ ನಡೆಯುವಂತಿರಬೇಕು. ಕಟ್ಟಿಸಿದವನ ಹೆಸರು, ಕಟ್ಟಿಸಿದ ಕಾಲ, ಕಟ್ಟಿಸಿದ ಕಾರಣ, ಈ ಮೂರನ್ನೂ ದಾರಿಹೋಕನಿಗೆ ನಿಜವಾಗಿ ತಿಳಿಸುವ ವ್ಯವಸ್ಥೆಯಿರಬೇಕು. ಗೋಡೆಗಳ ಮೇಲೆ ಬೇರು ಬಿಟ್ಟ ಗಿಡಗಳನ್ನು ಬಲ್ಲವರ ಕೈಯಿಂದ ತೆಗೆಸಬೇಕು. ಸುಣ್ಣ ಸಿಮೆಂಟು ಬಳಿದು ಹಳೆಯದನ್ನು ಹೊಸದು ಮಾಡುವ ಉಪಕಾರವು ಮಾತ್ರ ಬೇಡ.

ಸರಕಾರವು ಇದನ್ನೆಲ್ಲ ಮಾಡುವ ತನಕ ಕೈಕಟ್ಟಿ ಕುಳಿತಿರಬೇಕೆಂದೇನೂ ಇಲ್ಲ. ಉಪಾಧ್ಯಾಯ ಬಂಧುಗಳಿಗೆ ನಮ್ಮ ವಿಶೇಷವಾದ ವಿನಂತಿ. ವರ್ಷಕ್ಕೊಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಗೋವೆಯ ಕಡೆಗೆ ಹೋಗುವ ಪರಿಪಾಠವು ನಮ್ಮ ಅನೇಕ ಶಾಲೆಗಳಲ್ಲಿದೆ. ಬಂಡಿಯು ಈ ಗಡದ ಬುಡದಲ್ಲಿಯೇ ಹಾಯ್ದು ಹೋಗುವದು. ಒಂದೆರಡು ತಾಸು ಅಲ್ಲಿ ಇಳಿಯಿರಿ. ಮಕ್ಕಳನ್ನು ನಡೆಸಿಕೊಂಡು ಮೇಲಕ್ಕೆ ಹೋಗಿರಿ. ತುದಿಯಲ್ಲಿ ನಿಲ್ಲಿಸಿ ಮೊದಲು ಏನೂ ಹೇಳಬೇಡಿರಿ, "ನೀನು ಅರಸನಾಗಿದ್ದರೆ ತೋಪನ್ನು ಎತ್ತ ತಿರುಗಿಸುತ್ತಿದ್ದೆ?" ಎಂದು ಕೇಳಿರಿ. ಹನ್ನೆರಡು ವರ್ಷದ ಹುಡುಗಿಯೂ ಹೊಳೆಯ ಬಾಯಿಯನ್ನು ಬೆರಳು ಮಾಡಿ ತೋರಿಸುವಳು. ಅಲ್ಲಿಂದ ಹುಬ್ಬಳ್ಳಿಯ ಮಗ್ಗಕ್ಕೂ, ಘಟ್ಟದ ಮೆಣಸಿಗೂ, ಮ್ಯಾಂಚೆಸ್ಟರದ ಗಿರಣಿಗೂ, ೧೮೬೨ರ ಗೆರೆಗೂ, ೧೯೫೬ರ ಏಕೀಕರಣಕ್ಕೂ ಪಾಠವು ತಾನಾಗಿಯೇ ನಡೆದುಹೋಗುವದು. ನಾಲ್ಕು ಗೋಡೆಗಳ ನಡುವೆ ನಾಲ್ಕು ತಿಂಗಳು ಹೇಳಿದರೂ ನಾಟದ ಪಾಠವು ಒಂದು ಮುಂಜಾನೆಯಲ್ಲಿ ನಾಟುವದು.

ಸುಪ್ರೀಮ ಕೋರ್ಟಿನಲ್ಲಿ ನಮ್ಮ ವಾದವನ್ನು ವಕೀಲರು ಮಾಡಲಿ. ಅದು ಅವರ ಕೆಲಸ. ಕಾಯದೆಯ ಕೆಲಸವನ್ನು ಕಾಯದೆಯು ಮಾಡುವದು. ಆದರೆ ಇಪ್ಪತ್ತು ವರ್ಷಗಳ ತರುವಾಯ ಯಾವನೋ ಒಬ್ಬನು ಬಂದು "ಈ ಗಡವು ನಿಮ್ಮದೆಂಬುದಕ್ಕೆ ಸಾಕ್ಷಿಯೇನು?" ಎಂದು ಕೇಳಿದರೆ, ದಫ್ತರಿನಿಂದ ಕಾಗದವನ್ನು ಹುಡುಕಿ ತೆಗೆಯುವ ನಾಡು ಬೇರೆ, "ಬಾ, ತೋರಿಸುತ್ತೇನೆ" ಎಂದು ಮುಂದೆ ನಡೆದು ದಾರಿ ತೋರಿಸುವ ಮಕ್ಕಳುಳ್ಳ ನಾಡು ಬೇರೆ. ೨೨೦ ಅಡಿಯ ಗುಡ್ಡವನ್ನು ಹತ್ತಲು ಬೇಸರಪಡುವವರು ಗಡಿಯ ಹೆಸರಿನಲ್ಲಿ ಗಂಟಲು ಹರಿದುಕೊಳ್ಳುವದನ್ನು ಇನ್ನಾದರೂ ನಿಲ್ಲಿಸಲಿ. ಇಲ್ಲವೇ ಈ ಚಳಿಗಾಲದಲ್ಲಿ ಒಮ್ಮೆ ಕಾರವಾರಕ್ಕೆ ಹೋಗಿ, ಗಡವನ್ನು ಹತ್ತಿ, ಕೆಳಗಿಳಿದ ಮೇಲೆ ಮಾತನಾಡಲಿ.